ವಾತಾಪಿಯ ಜೀರ್ಣ, ಪುಣೆಯ ಜೂನಾ

ಮಗುವಿಗೆ ಹಾಲು ಕುಡಿಸಿ, ಹೊಟ್ಟೆ ಸವರುತ್ತಾ ನಮ್ಮಜ್ಜಿ ‘ಜೀರ್ಣ ಜೀರ್ಣ ವಾತಾಪಿ ಜೀರ್ಣ’ ಅನ್ನುತ್ತಿದ್ದರು. ಪುಣೆಗೆ ಬಂದ ಮೇಲೆ ಒಂದು ಭಾನುವಾರ ಜೂನಾ ಬಜಾರಿಗೆ ಹೋಗಿದ್ದೆ. ತುಕ್ಕು ಹಿಡಿದ ಪಾನಾ, ನಿಂತುಹೋದ ಗಡಿಯಾರ, ಹಳೇ ರೇಡಿಯೋಗಳ ನಡುವೆ ನಡೆಯುವಾಗ ಥಟ್ಟನೆ ಹೊಳೆಯಿತು. ಮರಾಠಿಯಲ್ಲಿ ಹಳೆಯದು ಎನ್ನುವ ‘ಜೂನಾ’ ಕೂಡ ಅಜ್ಜಿಯ ‘ಜೀರ್ಣ’ದ ಬೇರಿನದೇ!

ಆ ಬೇರು ಸಂಸ್ಕೃತದ ‘ಜೄ’. ಕ್ರಿಯಾಪದಗಳ ಬೇರುಗಳ ಹಳೆಯ ಪಟ್ಟಿಯಾದ ಧಾತುಪಾಠ ಅದಕ್ಕೆ ಕೊಡುವ ಅರ್ಥ ‘ವಯೋಹಾನಿ’, ಅಂದರೆ ವಯಸ್ಸಾಗಿ ಸವೆಯುವುದು. ಮುಪ್ಪು ಎನ್ನುವ ಜರೆ, ಜೀರ್ಣ ಎರಡೂ ಅದರ ಮಕ್ಕಳು. ಜೀರ್ಣ ಅಂದರೆ ಸವೆದದ್ದು. ಸವೆದ ಗುಡಿಯನ್ನು ಎತ್ತಿ ನಿಲ್ಲಿಸಿದರೆ ಜೀರ್ಣೋದ್ಧಾರ. ಹೊಟ್ಟೆಯಲ್ಲಿ ಅನ್ನ ಸವೆದರೂ ಜೀರ್ಣವೇ. ಸವೆಯದೆ ಕೂತರೆ ಅಜೀರ್ಣ.

1909ರಲ್ಲಿ ನ್ಯೂಯಾರ್ಕಿನ ವೈದ್ಯ ಇಗ್ನಾಟ್ಸ್ ನಾಷರ್ ಮುಪ್ಪಿನ ವೈದ್ಯಕ್ಕೆ ‘ಜೀರಿಯಾಟ್ರಿಕ್ಸ್’ ಎಂದು ಹೆಸರಿಟ್ಟರು. ಗ್ರೀಕಿನಲ್ಲಿ ‘ಗೆರಾಸ್’ ಅಂದರೆ ಮುಪ್ಪು. ಇದು ನಮ್ಮ ಜರೆಯಿಂದಲೇ ಹೋದದ್ದು ಎಂಬ ವಾಟ್ಸಾಪ್ ಮೆಸೇಜ್ ಎಷ್ಟು ಸಲ ಬಂದಿದೆಯೋ! ಅದು ತಪ್ಪು. ಎರಡೂ ಇನ್ನೂ ಹಳೆಯದಾದ ಒಂದು ಭಾಷೆಯಿಂದ ಬಂದ ಅಕ್ಕತಂಗಿಯರು. ಯಾರೂ ಯಾರಿಂದಲೂ ಕದ್ದಿಲ್ಲ. ನಮ್ಮ ಮುಪ್ಪು, ಮುದಿ ಬೇರೆಯೇ ಮನೆತನ, ದ್ರಾವಿಡದ್ದು.

ನನಗೆ ಜಾಸ್ತಿ ಖುಷಿ ಕೊಡುವ ಸಂಗತಿ ಬೇರೆ ಇದೆ. ಸವೆತ, ಅರಗುವಿಕೆ ಎರಡನ್ನೂ ಒಂದೇ ಮಾತು ಹೇಳುತ್ತದಲ್ವಾ? ಜೀವಕೋಶದಲ್ಲೂ ಅವೆರಡು ಒಟ್ಟಿಗೇ ಇವೆ. ಕೋಶದೊಳಗೆ ಒಂದು ಭಾಗ ಹಳತಾದರೆ ಅದರ ಸುತ್ತ ಎರಡು ಪದರದ ಚೀಲ ಬೆಳೆಯುತ್ತದೆ. ಚೀಲ ಹೋಗಿ ಲೈಸೊಸೋಮಿಗೆ ಸೇರುತ್ತದೆ. ಲೈಸೊಸೋಮ್ ಅಂದರೆ ಕೋಶದ ಹೊಟ್ಟೆ ಅನ್ನಿ. ಅಲ್ಲಿನ ಕಿಣ್ವಗಳು ಹಳೆಯದನ್ನು ಚೂರು ಮಾಡುತ್ತವೆ, ಚೂರುಗಳಿಂದ ಹೊಸದು ಕಟ್ಟಲಾಗುತ್ತದೆ. ಗುಜರಿಯವನು ಹಳೇ ರೇಡಿಯೋ ಬಿಚ್ಚಿ ತಂತಿ, ತಾಮ್ರ ಬೇರೆ ಮಾಡಿದ ಹಾಗೆ. ಅಜ್ಜಿ ಹರಿದ ಸೀರೆ ಕತ್ತರಿಸಿ ಕೌದಿ ಹೊಲಿದ ಹಾಗೆ. ಬೆಲ್ಜಿಯಂನ ವಿಜ್ಞಾನಿ ಕ್ರಿಶ್ಚಿಯನ್ ಡಿ ಡೂವ್ 1963ರಲ್ಲಿ ಇದನ್ನು ‘ಆಟೊಫ್ಯಾಜಿ’ ಎಂದು ಕರೆದರು, ಅಂದರೆ ತನ್ನನ್ನೇ ತಿನ್ನುವುದು. ಇದು ನಡೆಯುವ ಬಗೆಯನ್ನು ಬ್ರೆಡ್ ಉಬ್ಬಿಸುವ ಯೀಸ್ಟಿನಲ್ಲಿ ಬಿಡಿಸಿ ತೋರಿಸಿದ ಜಪಾನಿನ ವಿಜ್ಞಾನಿ ಯೊಶಿನೊರಿ ಓಸುಮಿಗೆ 2016ರ ನೊಬೆಲ್ ಬಂತು.

ಅಂದಿನಿಂದ ಆಟೊಫ್ಯಾಜಿಯ ಹೆಸರು ಹೇಳಿ ಮುಪ್ಪು ತಡೆಯುವ ಪುಡಿ ಮಾರುವವರೂ ಹುಟ್ಟಿಕೊಂಡಿದ್ದಾರೆ. ದಯವಿಟ್ಟು ಸುಮ್ನೆ ದುಡ್ಡು ಹಾಕಬೇಡಿ. ಯೀಸ್ಟಿನಲ್ಲಿ ಕಂಡದ್ದು ಡಬ್ಬಿಯಲ್ಲಿ ತುಂಬಿಕೊಡುವ ಮದ್ದಲ್ಲ.

ವಯಸ್ಸಾದಂತೆ ಈ ಅರಗಿಸುವ ಕೆಲಸ ನಿಧಾನವಾಗುತ್ತದೆ. ಮುದಿ ಹೃದಯದ ಕೋಶಗಳಲ್ಲಿ, ನರಕೋಶಗಳಲ್ಲಿ ಲೈಪೊಫ್ಯೂಸಿನ್ ಎಂಬ ಕಂದು ಕಣಗಳು ಸೇರಿಕೊಳ್ಳುತ್ತವೆ. ಲೈಸೊಸೋಮಿಗೂ ಅರಗದೆ ಉಳಿದ ಕಸ ಅದು. ಅದನ್ನು ನಾನು ಅಜೀರ್ಣ ಎಂದೇ ಕರೆಯುತ್ತೇನೆ.