ಲೇತ್ ಬೆವರುವ ಕಾಲ

“ನಮ್ಮದು ಒಣ ಸೀಮೆ, ಮಂಗಳೂರಲ್ಲ. ಇಲ್ಲಿ ತುಕ್ಕು ಎಲ್ಲಿಂದ ಬರಬೇಕು?” ಹಿತ್ತಲ ಶೆಡ್‌ನಲ್ಲಿ ಲೇತ್ (ಲೋಹದ ತುಂಡನ್ನು ತಿರುಗಿಸಿ ಕಡೆಯುವ ಯಂತ್ರ) ಇಟ್ಟುಕೊಂಡವರು ಹೀಗೆ ಕೇಳುತ್ತಾರೆ. ಕೇಳುವಾಗಲೇ ಆ ಲೇತ್‌ನ ಬೆಡ್, ಅಂದರೆ ಕೆಳಗಿನ ಉದ್ದನೆ ಕಬ್ಬಿಣದ ಪೀಠದ ಮೇಲೆ ಕಂದು ಚುಕ್ಕಿಗಳು ಕಾಣುತ್ತಿರುತ್ತವೆ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್‌ಗಳಿಗೇ ಹೆಸರಾಗಿತ್ತು. ಕಾರ್ಖಾನೆ ಮುಚ್ಚಿ ವರ್ಷಗಳಾದವು, ಅದರ ಲೇತ್‌ಗಳು ಮಾತ್ರ ದಾವಣಗೆರೆ ಸುತ್ತಮುತ್ತ ಇನ್ನೂ ಕೈಯಿಂದ ಕೈಗೆ ಓಡಾಡುತ್ತಿವೆ. ಅಂಥ ಎರಕದ ಬೆಡ್ ಸವೆಯಲು ತಲೆಮಾರು ಬೇಕು. ಹಾಳಾಗಲು ಒಂದು ವಾರದ ಇಬ್ಬನಿ ಸಾಕು.

ಶೆಡ್ ಸೋರಲೇಬೇಕು ಅಂತೇನಿಲ್ಲ. ಕಾರ್ತಿಕದ ಹೊತ್ತಿಗೆ ರಾತ್ರಿ ಚಳಿ, ಬೆಳಗಾದರೆ ಬಿಸಿಲು. ರಾತ್ರಿಯಿಡೀ ತಣ್ಣಗಾದ ಕ್ವಿಂಟಲ್‌ಗಟ್ಟಲೆ ಕಬ್ಬಿಣ ಅಷ್ಟು ಬೇಗ ಬಿಸಿಯಾಗುವುದಿಲ್ಲ. ನೀವು ಶಟರ್ ಎತ್ತುತ್ತೀರಿ, ಹೊರಗಿನ ಬೆಚ್ಚನೆ ತೇವದ ಗಾಳಿ ಬಂದು ಆ ತಣ್ಣನೆ ಬೆಡ್‌ಗೆ ತಾಗುತ್ತದೆ. ಬೆರಳಲ್ಲಿ ಸವರಿ ನೋಡಿ, ಗೆರೆ ಮೂಡುತ್ತದೆ. ಅದು ನೀರು. ಲೇತ್ ಬೆವರಿದೆ ಅನ್ನುತ್ತೇವೆ ನಾವು. ತಗಡಿನ ಮಾಡಾದರೆ ಅದರ ಒಳಮೈಯೂ ಬೆವರಿ ಮೇಲಿನಿಂದ ಹನಿ ಬೀಳುತ್ತದೆ.

ಇದಕ್ಕೆ ಎಲ್ಲರೂ ಮಾಡುವ ಮದ್ದು ಟಾರ್ಪಾಲ್. ಒಳಗೆ ಸಿಕ್ಕಿಬಿದ್ದ ತೇವ ಹೊರಗೆ ಹೋಗದೆ ಕಬ್ಬಿಣದ ಮೇಲೇ ಕೂರುತ್ತದೆ. ಗೋಣಿಚೀಲ ಇನ್ನೂ ಕೆಟ್ಟದ್ದು, ನೀರು ಹೀರಿಕೊಂಡು ಬಿಡುವುದೇ ಇಲ್ಲ. ಹಳೇ ಹತ್ತಿ ಬೆಡ್‌ಶೀಟ್ ಹೊದಿಸಿ, ಧೂಳು ತಡೆದು ಗಾಳಿ ಆಡಲು ಬಿಡುತ್ತದೆ. ಬೆಡ್ ಕೆಳಗೆ ಜಾಲರಿಯೊಳಗೆ ಹಳೇ ಬಗೆಯ 60 ವ್ಯಾಟ್ ಬಲ್ಬ್ ಉರಿಸಿಟ್ಟರೆ ಕಬ್ಬಿಣ ಸ್ವಲ್ಪ ಬೆಚ್ಚಗಿರುತ್ತದೆ. ಬಟ್ಟೆಗೂ, ಎಣ್ಣೆ ಮೆತ್ತಿದ ಚಿಪ್ಸ್‌ಗೂ (ಕಡೆಯುವಾಗ ಬೀಳುವ ಲೋಹದ ಚೂರು) ಬಲ್ಬ್ ತಾಗಬಾರದು. ಎಲ್‌ಇಡಿ ಹಾಕಿದರೆ ಬೆಳಕು ಬರುತ್ತದೆ, ಶಾಖ ಬರಲ್ಲ. ಶೆಡ್ ಬೆಚ್ಚಗಿರಲಿ ಅಂತ ಗ್ಯಾಸ್ ಒಲೆ ಹಚ್ಚುವವರೂ ಇದ್ದಾರೆ. ಒಂದು ಕೆಜಿ ಎಲ್‌ಪಿಜಿ ಉರಿದರೆ ಸುಮಾರು ಒಂದೂವರೆ ಕೆಜಿ ನೀರಾವಿ ಹುಟ್ಟುತ್ತದೆ, ಅದು ಹೋಗಿ ಕೂರುವುದು ಎಲ್ಲಿ ಅಂತ ಹೇಳಬೇಕಾಗಿಲ್ಲ ಅಲ್ವಾ?

ಎಣ್ಣೆಯ ವಿಷಯದಲ್ಲಿ ಜಿಪುಣತನ ಬೇಡ. ಬೈಕಿನಿಂದ ಇಳಿಸಿದ ಕಪ್ಪು ಎಣ್ಣೆಯಲ್ಲಿ ಆಮ್ಲ ಸೇರಿರುತ್ತದೆ, ಚರ್ಮಕ್ಕೂ ಅದು ಒಳ್ಳೆಯದಲ್ಲ. ಸೀಮೆಎಣ್ಣೆ ಒರೆಸಲು ಚೆನ್ನ, ತುಕ್ಕಿನಿಂದ ಕಾಯಲು ಆಗಲ್ಲ, ಆರಿಹೋಗುತ್ತದೆ. ಅಡುಗೆ ಎಣ್ಣೆ ಅಂಟಾಗುತ್ತದೆ. 68 ಗ್ರೇಡ್‌ನ ಸ್ಲೈಡ್‌ವೇ ಎಣ್ಣೆ (ಬೆಡ್‌ನಂಥ ಜಾರುವ ಮೈಗೆಂದೇ ಮಾಡಿದ್ದು) ತಂದು ಕೆಲಸ ಮುಗಿದ ಮೇಲೆ ತೆಳ್ಳಗೆ ಸವರಿ.

ಇನ್ನು ಆಯುಧಪೂಜೆ. ನನ್ನ ಪ್ರಕಾರ ನಮ್ಮ ಕಡೆ ಲೇತ್‌ಗಳ ಮೇಲಿನ ಅರ್ಧ ಕಲೆ ಅವತ್ತಿನವೇ. ಯಂತ್ರ ತೊಳೆದು ಎಣ್ಣೆ ಪೂರ್ತಿ ತೆಗೆಯುತ್ತಾರೆ. ಬರೀ ಕಬ್ಬಿಣದ ಮೇಲೆ ವಿಭೂತಿ ಬಳಿದು, ಒದ್ದೆ ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕುತ್ತಾರೆ. ಚಕ್ (ಕೆಲಸದ ತುಂಡು ಹಿಡಿದು ತಿರುಗುವ ಭಾಗ) ಕೆಳಗೆ ಹೆಚ್ಚಿದ ನಿಂಬೆಹಣ್ಣು. ಆಮೇಲೆ ಶಟರ್ ಎಳೆದು ವಿಜಯದಶಮಿ ಮುಗಿಸಿಕೊಂಡು ಬರುತ್ತಾರೆ. ನಿಂಬೆಯ ಹುಳಿ, ಹೂವಿನ ನೀರು, ಎಣ್ಣೆ ಇಲ್ಲದ ಕಬ್ಬಿಣ. ಹಾರ ಎತ್ತಿದರೆ ಒಂದೊಂದು ಹೂವಿನ ಗುರುತೂ ಬೆಡ್ ಮೇಲೆ ದುಂಡಗೆ ಕೂತಿರುತ್ತದೆ. ಪೂಜೆ ಬಿಡಿ ಅನ್ನುತ್ತಿಲ್ಲ, ನಾನೂ ಮಾಡುತ್ತೇನೆ. ಬೆಡ್‌ಗೆ ಎಣ್ಣೆ ಹಚ್ಚಿಯೇ ಪೂಜೆ ಮಾಡಿ. ಕುಂಕುಮ, ಹಾರ ಎಲ್ಲ ಬಣ್ಣ ಹೊಡೆದ ಹೆಡ್‌ಸ್ಟಾಕ್ (ಚಕ್ ಕೂರುವ ಪೆಟ್ಟಿಗೆ) ಮೇಲಿರಲಿ. ನಿಂಬೆಹಣ್ಣು ನೆಲದ ಮೇಲೆ ಸಾಕು, ದೇವರು ಬೇಜಾರಾಗಲ್ಲ.

ಮಂಡಕ್ಕಿ-ಮಿರ್ಚಿ ತಿಂದ ಕೈಯೂ ಹಾಗೇ. ಉಪ್ಪಿನ ಕೈಯಲ್ಲಿ ಮೈಕ್ರೋಮೀಟರ್ ಹಿಡಿದರೆ ಬೆರಳಚ್ಚು ತುಕ್ಕಾಗಿ ಏಳುತ್ತದೆ. ಬ್ಯಾಟರಿ ಆ್ಯಸಿಡ್, ಟಾಯ್ಲೆಟ್ ಕ್ಲೀನರ್, ಬ್ಲೀಚಿಂಗ್ ಪೌಡರ್ ಶೆಡ್‌ನಲ್ಲಿ ಇಡಲೇಬೇಡಿ. ಮುಚ್ಚಳ ಬಿಗಿ ಇದ್ದರೂ ಆವಿ ಹೊರಗೆ ಬರುತ್ತದೆ.

ಸಾಣೆ ಕಲ್ಲು ಲೇತ್‌ನಿಂದ ದೂರ ಇರಲಿ, ಅದರ ಪುಡಿ ಸ್ಯಾಡಲ್ (ಬೆಡ್ ಮೇಲೆ ಜಾರುವ ಭಾಗ) ಅಡಿ ಸೇರಿದರೆ ಬೆಡ್ಡನ್ನೇ ಉಜ್ಜುತ್ತದೆ. ಚಿಪ್ಸ್ ತೆಗೆಯಲು ಬ್ರಷ್ ಬಳಸಿ. ಕಂಪ್ರೆಸರ್ ಗಾಳಿ ಅವನ್ನು ಬೇಡದ ಸಂದಿಗೆಲ್ಲ ತಳ್ಳುತ್ತದೆ, ಕಣ್ಣಿಗೂ ಸಿಡಿಯುತ್ತದೆ. ನಮ್ಮೂರಲ್ಲಿ ಎಲ್ಲರ ಕೈಯಲ್ಲೂ ಒಂದು ಮುಷ್ಟಿ ಕಾಟನ್ ವೇಸ್ಟ್ ಇರುತ್ತದೆ. ತಿರುಗುವ ಚಕ್ ಹತ್ತಿರ ಅದನ್ನು ಒಯ್ಯಲೇಬೇಡಿ. ಒಂದು ಎಳೆ ಸಿಕ್ಕಿದರೂ ಕೈಯನ್ನು ಜೊತೆಗೆ ಎಳೆದುಕೊಳ್ಳುತ್ತದೆ. ಗ್ಲೌಸ್ ಕೂಡ ಅಷ್ಟೇ ಅಪಾಯ. ಎಣ್ಣೆ ಹೀರಿದ ವೇಸ್ಟನ್ನು ಮುಚ್ಚಳದ ತಗಡಿನ ಡಬ್ಬಿಗೆ ಹಾಕಿ, ಗ್ರೈಂಡರ್ ಕಿಡಿ ಹತ್ತು ಮೀಟರ್ ದೂರ ಹಾರಬಲ್ಲದು. ಜಿಐ ಪೈಪ್ (ಸತುವಿನ ಲೇಪದ ಕಬ್ಬಿಣದ ಪೈಪ್) ವೆಲ್ಡ್ ಮಾಡುವಾಗ ಬಾಗಿಲು ತೆಗೆದಿರಲಿ. ಸತುವಿನ ಹೊಗೆ ಕುಡಿದರೆ ಸಂಜೆಗೆ ಚಳಿಜ್ವರ ಬರುತ್ತದೆ, ಬೆಲ್ಲ ತಿಂದರೆ ಅದು ನಿಲ್ಲಲ್ಲ.

ತುಕ್ಕು ಬಂದೇಬಿಟ್ಟಿದೆ ಅನ್ನಿ. ಸ್ಪ್ಯಾನರ್, ಸುತ್ತಿಗೆಯಂಥವನ್ನು ಹುಣಸೆ ನೀರಲ್ಲಿ ರಾತ್ರಿ ನೆನೆಸಿ, ಉಜ್ಜಿ, ಅಡುಗೆ ಸೋಡಾ ನೀರಲ್ಲಿ ತೊಳೆದು, ಒಣಗಿಸಿ ಎಣ್ಣೆ ಹಚ್ಚಿ. ಲೇತ್ ಬೆಡ್‌ಗೆ ಹುಳಿಯೂ ಬೇಡ, ಎಮರಿ ಪೇಪರೂ ಬೇಡ. ಸೀಮೆಎಣ್ಣೆ ಹಾಕಿ, ಹಿತ್ತಾಳೆ ಪಟ್ಟಿಯ ಅಂಚಿನಿಂದ ಮೆಲ್ಲಗೆ ಕೆರೆಯಿರಿ. ಕಂದು ಹೋಗಿ ಕಪ್ಪು ಕಲೆ ಉಳಿದರೆ ಬಿಟ್ಟುಬಿಡಿ, ಅದರಿಂದ ಅಳತೆ ಕೆಡುವುದಿಲ್ಲ.