ಪುಷ್ಕರದ ನೀರು ಎಲ್ಲಿಂದ ಬರಬೇಕು?

ಪುಷ್ಕರ ಅಂದರೆ ಕಮಲ. ದೇವಸ್ಥಾನದ ಕೊಳಕ್ಕೆ ನಾವು ಪುಷ್ಕರಣಿ ಅನ್ನುವುದೂ ಇದೇ ಪದದಿಂದ. ಆ ಹೆಸರನ್ನೇ ಹೊತ್ತ ಊರು ರಾಜಸ್ಥಾನದಲ್ಲಿದೆ. ಅಜ್ಮೇರದಿಂದ ನಾಗ್ ಪಹಾಡ್ ಬೆಟ್ಟ ದಾಟಿದರೆ ಸರೋವರ ಕಾಣುತ್ತದೆ. 2009ರಲ್ಲಿ ಅದು ಪೂರ್ತಿ ಬತ್ತಿತ್ತು. ಯಾಕೆ ಬತ್ತಿತು, ಹೂಳೆತ್ತಿದ್ದು ಸರಿಯೋ ತಪ್ಪೋ, ಬೋರ್‌ವೆಲ್ ಕಾರಣವೋ ಚರಂಡಿ ಕಾರಣವೋ ಎಂಬ ಮಾತು ವರ್ಷಗಳಿಂದ ನಡೆದಿದೆ. ಒಂದೊಂದು ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಹಾಗಾಗಿಯೇ ಯಾವುದೂ ಸ್ಪಷ್ಟವಾಗುವುದಿಲ್ಲ. ಮೊದಲಿನಿಂದಲೇ ನೋಡೋಣ.

ವಜ್ರನಾಭ ಎಂಬ ರಾಕ್ಷಸನನ್ನು ಬ್ರಹ್ಮ ತನ್ನ ಕೈಯಲ್ಲಿದ್ದ ಕಮಲದಿಂದಲೇ ಹೊಡೆದು ಕೊಂದನಂತೆ. ಆಗ ಉದುರಿದ ಎಸಳುಗಳು ಮೂರು ಕಡೆ ಬಿದ್ದು ಮೂರು ಪುಷ್ಕರಗಳಾದವು. ದೊಡ್ಡದು ಜ್ಯೇಷ್ಠ ಪುಷ್ಕರ. ಇಲ್ಲಿಯೇ ಬ್ರಹ್ಮ ಯಜ್ಞಕ್ಕೆ ಕೂತ. ಮುಹೂರ್ತ ಮೀರುತ್ತಿತ್ತು, ಹೆಂಡತಿ ಸಾವಿತ್ರಿ ಇನ್ನೂ ಬಂದಿರಲಿಲ್ಲ. ಗಾಯತ್ರಿಯನ್ನು ಮದುವೆಯಾಗಿ ಯಜ್ಞ ಮುಗಿಸಿದ. ಆಮೇಲೆ ಬಂದ ಸಾವಿತ್ರಿ, ನಿನಗೆ ಇಲ್ಲಿ ಬಿಟ್ಟು ಬೇರೆಲ್ಲೂ ಪೂಜೆ ಇರದಿರಲಿ ಎಂದು ಶಪಿಸಿ ಬೆಟ್ಟ ಹತ್ತಿದಳು. ಅವಳ ಗುಡಿ ಇವತ್ತಿಗೂ ಬೆಟ್ಟದ ಮೇಲಿದೆ, ಬ್ರಹ್ಮನ ಗುಡಿ ಕೆಳಗೆ ಊರಿನಲ್ಲಿ.

ಮಹಾಭಾರತದ ವನಪರ್ವದಲ್ಲಿ ತೀರ್ಥಯಾತ್ರೆಯ ಮಾತು ಬಂದಾಗ ಪುಲಸ್ತ್ಯ ಋಷಿ ಮೊದಲು ಹೇಳುವುದೇ ಪುಷ್ಕರದ ಹೆಸರು. ಪಂಚ ಸರೋವರಗಳಲ್ಲಿ ಮಾನಸ, ಬಿಂದು, ನಾರಾಯಣ ಮತ್ತು ನಮ್ಮ ಆನೆಗೊಂದಿಯ ಪಂಪಾ ಸರೋವರದ ಜೊತೆ ಇದೂ ಒಂದು. ಬದರಿ, ಪುರಿ, ರಾಮೇಶ್ವರ, ದ್ವಾರಕೆ ನಾಲ್ಕನ್ನೂ ಸುತ್ತಿ ಬಂದವರು ಇಲ್ಲಿ ಮುಳುಗಿದರೇ ಯಾತ್ರೆ ಪೂರ್ತಿ ಎಂಬ ನಂಬಿಕೆಯಿದೆ. ಕಾರ್ತಿಕದ ಏಕಾದಶಿಯಿಂದ ಹುಣ್ಣಿಮೆವರೆಗಿನ ಐದು ದಿನದ ಸ್ನಾನಕ್ಕೆ ಎಲ್ಲಿಲ್ಲದ ಮಹತ್ವ. ಒಂಟೆಗಳ ಜಾತ್ರೆ ನೆರೆಯುವುದೂ ಈ ಹೊತ್ತಿಗೇ. ಫೋಟೊಗಳಲ್ಲಿ ಒಂಟೆಗಳೇ ಜಾಸ್ತಿ ಕಾಣುತ್ತವೆ. ಆದರೆ ಜನ ಮೊದಲು ಬಂದದ್ದು ನೀರಿಗೆ.

ಮುಂದಿನ ಶತಮಾನಗಳಲ್ಲಿ ರಾಜರು, ಮೊಘಲರು, ಮರಾಠರು, ಬ್ರಿಟಿಷರು ಬಂದು ಹೋದರು. ಗುಡಿಗಳು ಬಿದ್ದವು, ಮತ್ತೆ ಎದ್ದವು. ಸುತ್ತ 52 ಸ್ನಾನಘಟ್ಟಗಳಾದವು. ಜೈಪುರ, ಕೋಟಾ, ಗ್ವಾಲಿಯರ್ ಹೆಸರಿನವು ಆಯಾ ಸಂಸ್ಥಾನಗಳ ನೆನಪು. ಗಾಂಧೀಜಿಯ ಚಿತಾಭಸ್ಮ ಬಿಟ್ಟ ಮೇಲೆ ಗೌ ಘಾಟ್‌ಗೆ ಗಾಂಧಿ ಘಾಟ್ ಎಂಬ ಹೆಸರು ಬಂತು.

ಇಷ್ಟೆಲ್ಲ ಕಂಡ ಸರೋವರ ದೊಡ್ಡದೇನಲ್ಲ. ತುಂಬಿದಾಗ ಸುಮಾರು 22 ಹೆಕ್ಟೇರ್. ಅದಕ್ಕೆ ನೀರು ಇಳಿದು ಬರುವ ಪ್ರದೇಶವೂ 22 ಚದರ ಕಿಲೋಮೀಟರ್‌ನಷ್ಟೇ. ವರ್ಷವಿಡೀ ಹರಿಯುವ ನದಿ ಯಾವುದೂ ಇದನ್ನು ತುಂಬಿಸುವುದಿಲ್ಲ. ಅರಾವಳಿಯ ಮೇಲೆ ಮಳೆ ಬಿದ್ದು, ಹಳ್ಳಗಳಲ್ಲಿ ಹರಿದು, ಬಂದಷ್ಟು ಬಂತು. ಮಳೆ ಮುಗಿದ ಮೇಲೆ ಮುಂದಿನ ಮಳೆಯವರೆಗೂ ಅದೇ ನೀರು. ಬೆಟ್ಟದಲ್ಲಿ ಮರ ಕಮ್ಮಿಯಾದಂತೆ ಮಣ್ಣು ಸಡಿಲವಾಯಿತು. ಪಕ್ಕದಲ್ಲೇ ಮರಳುಗಾಡಿನ ದಿಬ್ಬಗಳಿವೆ. ಹಳ್ಳಗಳು ನೀರಿನ ಜೊತೆ ಮಣ್ಣು, ಮರಳನ್ನೂ ತಂದವು. ಹೂಳು ತುಂಬಿ ಆಳ ತಗ್ಗಿತು. ಇತ್ತ ಗುಲಾಬಿ, ತರಕಾರಿ ಬೆಳೆಯಲು ಬೋರ್‌ವೆಲ್ ಕೊರೆದರು. ಮಳೆ ನಂಬಿ ಬದುಕಲಾಗದ ರೈತ ಇನ್ನೇನು ಮಾಡಿಯಾನು? ಅಂತರ್ಜಲ ಇಳಿಯಿತು. ಊರು, ಹೋಟೆಲ್‌ಗಳು ಬೆಳೆದು ಅವುಗಳ ಕೊಳಕು ನೀರೂ ಸರೋವರದ ದಾರಿ ಹಿಡಿಯಿತು. ಹೂ, ಹಾಲು, ಬೂದಿ ಎಲ್ಲ ಭಕ್ತಿಯಿಂದಲೇ ನೀರಿಗೆ ಬಿದ್ದವು. ನೀರು ತುಂಬಿ ತುಳುಕುವಾಗ ಅಷ್ಟೇನೂ ಹೊರೆಯಾಗದ ಈ ಕಾಣಿಕೆ, ನೀರು ತಗ್ಗಿದ ಮೇಲೆ ಕೊಳೆಯತೊಡಗಿತು.

ರಾಷ್ಟ್ರೀಯ ಸರೋವರ ಸಂರಕ್ಷಣಾ ಯೋಜನೆಯಡಿ 2008ರಲ್ಲಿ ಪುಷ್ಕರಕ್ಕೆ ಸುಮಾರು 48 ಕೋಟಿ ರೂಪಾಯಿ ಮಂಜೂರಾಯಿತು. ಹೂಳೆತ್ತುವ ಕೆಲಸ ಶುರುವಾಯಿತು. ಆ ಹೊತ್ತಿಗೆ ಮೀನುಗಳೂ ಸತ್ತವು. ಹೂಳೆತ್ತಿ ಆಳ ಮಾಡಿದರೆ ಜಾಸ್ತಿ ನೀರು ನಿಲ್ಲುತ್ತದೆ ಎಂಬುದು ಲೆಕ್ಕ. ಲೆಕ್ಕ ತಪ್ಪೇನಲ್ಲ. ಆದರೆ 2009ರ ಮಳೆಗಾಲ ಕೈಕೊಟ್ಟಿತು. ದೇಶದ ದೊಡ್ಡ ಭಾಗಕ್ಕೆ ಅದು ಬರದ ವರ್ಷ. ನೀರು ಹೊರಗೆ ಹಾಕಿ ತಳ ತೆರೆದಿಟ್ಟ ಕೊಳ, ಮೇಲೆ ಬರಿಗೈಯ ಆಕಾಶ. ಸರೋವರ ಪೂರ್ತಿ ಒಣಗಿತು.

ಆ ವರ್ಷವೂ ಕಾರ್ತಿಕ ಬಂತು, ಜನವೂ ಬಂದರು. ಘಟ್ಟಗಳ ಹತ್ತಿರ ಸಿಮೆಂಟ್ ತೊಟ್ಟಿ ಕಟ್ಟಿ, ಕೊಳವೆಬಾವಿಯ ನೀರು ತುಂಬಿಸಿದರು. ಬ್ರಹ್ಮ ಯಜ್ಞ ಮಾಡಿದ ನೀರಿಗೆಂದು ನೂರಾರು ಮೈಲಿಯಿಂದ ಬಂದವರು ತೊಟ್ಟಿಯಲ್ಲಿ ಮುಳುಗಿ ಎದ್ದರು. ಕ್ಷೇತ್ರ ಅದೇ, ಸಂಕಲ್ಪ ಅದೇ, ಪುಣ್ಯ ಸಿಗುತ್ತದೆ ಅನ್ನಬಹುದು. ಹಾಗೆ ಅಂದುಕೊಂಡವರ ನಂಬಿಕೆಗೆ ನಾನು ಕೈಮುಗಿಯುತ್ತೇನೆ. ಆದರೂ ನೋವಾಗುತ್ತದೆ, ಅಲ್ವಾ? ತೊಟ್ಟಿ ತುಂಬಿಸಲು ಎತ್ತಿದ್ದು ಅದೇ ಇಳಿಯುತ್ತಿದ್ದ ಅಂತರ್ಜಲವನ್ನು.

ಮುಂದೆ ಮಳೆ ಬಂದು ನೀರು ಮರಳಿತು. ಜಗಳ ಮಾತ್ರ 2009ರಲ್ಲೇ ನಿಂತಿದೆ. ಹೂಳೆತ್ತಿದ ರೀತಿ ಸರಿಯಿರಲಿಲ್ಲ ಎಂದು ಒಂದು ಕಡೆ, ಮಳೆಯೇ ಬರಲಿಲ್ಲವಲ್ಲ ಎಂದು ಇನ್ನೊಂದು ಕಡೆ. ಎರಡೂ ಮಾತು ಸರೋವರದ ತಳದ ಸುತ್ತಲೇ ಸುತ್ತುತ್ತವೆ. ಹೂಳು ಹುಟ್ಟುವುದು ಬೆಟ್ಟದಲ್ಲಿ. ಅಲ್ಲಿ ಮಣ್ಣು ಹಿಡಿದಿಡುವ ಗಿಡಮರ ಇಲ್ಲದಿದ್ದರೆ, ಎತ್ತಿದ ಜಾಗಕ್ಕೆ ಮುಂದಿನ ದೊಡ್ಡ ಮಳೆಯಲ್ಲೇ ಹೊಸ ಹೂಳು ಇಳಿಯುತ್ತದೆ. ಹೂಳೆತ್ತಲು ಯಂತ್ರಕ್ಕೆ ಕೆಲವು ತಿಂಗಳು ಸಾಕು. ನಾಗ್ ಪಹಾಡ್‌ನ ಕಲ್ಲುನೆಲದಲ್ಲಿ ಒಂದು ಮರ ಬೇರು ಬಿಟ್ಟು ಮಣ್ಣು ಹಿಡಿಯಲು ಹತ್ತಾರು ಮಳೆಗಾಲ ಬೇಕು.