ಮೃಗಶಿರ ಮಳೆಯೂ ಪಂಚಾಶತ್ತಮ ಹಬ್ಬವೂ

ಕಳೆದ ಭಾನುವಾರ ಪಂಚಾಶತ್ತಮ ದಿನದ ಹಬ್ಬ, ಈಸ್ಟರ್‌ನಿಂದ ಎಣಿಸಿ ಐವತ್ತನೇ ದಿನಕ್ಕೆ ನಮ್ಮ ಕ್ರೈಸ್ತ ಸಭೆಗಳಲ್ಲಿ ಮಾಡುವ ಹಬ್ಬ. ಉಪದೇಶ ಹೇಳುವ ಪ್ರಸಂಗಪೀಠಕ್ಕೆ ಕೆಂಪು ಬಟ್ಟೆ ಹೊದಿಸಿದ್ದಾಯಿತು, ಹೆಂಗಸರ ಮಂಡಳಿಯವರು ಹೊಸ ಗೀತೆ ಕಲಿತು ಬಂದಿದ್ದರು, ಇಲ್ಲಿನ ಸಭೆಯ ಪಾದ್ರಿಯಾದ ನಾನೂ ವಾರವಿಡೀ ಕೂತು ಪ್ರಸಂಗ ತಯಾರಿ ಮಾಡಿದ್ದೆ. ನೋಡಿದರೆ ಗಂಡಸರ ಕಡೆಯ ಬೆಂಚುಗಳು ಅರ್ಧಕ್ಕರ್ಧ ಖಾಲಿ. ಎರಡು ದಿನದ ಹಿಂದೆ ಮಳೆ ಬಿದ್ದು ನೆಲ ಹದಕ್ಕೆ ಬಂದಿತ್ತು. ಹೆಸರು ಬಿತ್ತೋದಕ್ಕೆ ಎಲ್ಲರೂ ಹೊಲಕ್ಕೆ ಹೋಗಿದ್ದರು.

ಮೊದಲಾಗಿದ್ದರೆ ನನಗೆ ಸಿಟ್ಟು ಬರುತ್ತಿತ್ತು. ಈಗ ಬರಲ್ಲ.

ನಾನು ಹುಟ್ಟಿ ಬೆಳೆದದ್ದು ಕರಾವಳಿಯಲ್ಲಿ. ಅಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಇಲ್ಲಿ ಗದಗದ ಕಡೆ ಸುಮಾರು 600 ಬಿದ್ದರೆ ಆ ವರ್ಷ ಚೆನ್ನಾಗಿ ಆಯಿತು ಅಂತಾರೆ. ನಮ್ಮ ಊರಲ್ಲಿ ಮಳೆ ಯಾವಾಗ ನಿಲ್ಲುತ್ತಪ್ಪಾ ಅಂತ ಪ್ರಾರ್ಥನೆ ಮಾಡುತ್ತಿದ್ದವನು ನಾನು. ಮಳೆಗಾಗಿ ಕಾಯೋದು ಅಂದರೇನು ಅಂತ ಗೊತ್ತಾಗಿದ್ದು ಇಲ್ಲಿಗೆ ಬಂದ ಮೇಲೆ.

ಬಂದ ಮೊದಲ ವರ್ಷ ಮಾಡಿದ ಎಡವಟ್ಟು ಹೇಳುತ್ತೇನೆ. ಕರಾವಳಿಯ ಅಭ್ಯಾಸದಲ್ಲಿ ಅಕ್ಟೋಬರ್‌ನಲ್ಲಿ ಬೆಳೆ ಹಬ್ಬ, ಅಂದರೆ ಜನ ತಂದ ಬೆಳೆಯ ಕಾಣಿಕೆಯನ್ನು ಏಲಂ ಹಾಕುವ ಹಬ್ಬ, ಇಟ್ಟುಬಿಟ್ಟೆ. ಅಲ್ಲಿ ಆಗ ಭತ್ತ ಕೊಯ್ದು ಮನೆಗೆ ಬರುವ ಹೊತ್ತು. ಜರ್ಮನಿಯ ಸಭೆಗಳಲ್ಲೂ ಬೆಳೆಗೆ ಸ್ತೋತ್ರ ಹೇಳುವ ಹಬ್ಬ ಅಕ್ಟೋಬರ್ ಮೊದಲ ಭಾನುವಾರದ ಸುಮಾರಿಗೆ ಬರುತ್ತೆ, ಹಾಗಾಗಿ ನನ್ನ ಲೆಕ್ಕ ಸರಿಯಾಗೇ ಇದೆ ಅಂದುಕೊಂಡೆ. ಆದರೆ ಇಲ್ಲಿನ ಎರೆಭೂಮಿಯಲ್ಲಿ ಅಕ್ಟೋಬರ್ ಅಂದರೆ ಹಿಂಗಾರಿ ಬಿತ್ತನೆ. ಹಸ್ತ ಮಳೆ ಬಿಡುವು ಕೊಟ್ಟ ಕೂಡಲೇ ಬಿಳಿಜೋಳ, ಕಡಲೆ ಬಿತ್ತಬೇಕು. ಕಾಣಿಕೆಗೆ ಅಂತ ನಾಲ್ಕು ಸೇರು ಹೆಸರು, ಒಂದು ಚೀಲ ಶೇಂಗಾ, ಪೇಟೆಯಿಂದ ತಂದ ಎರಡು ಬಾಳೆಗೊನೆ ಬಂದವು. ಏಲಂ ಕೂಗೋಕೆ ಜನವೇ ಇಲ್ಲ. ಒಬ್ಬ ಹಿರಿಯರು ನನ್ನ ಪಕ್ಕ ಬಂದು ಮೆಲ್ಲಗೆ, ‘ಅಯ್ಯನವರ, ಬೀಜಾ ಇನ್ನಾ ಚೀಲದಾಗ ಐತ್ರಿ, ಬೆಳಿ ಹಬ್ಬಾ ಹೆಂಗ್ ಮಾಡೂದು?’ ಅಂದರು.

ಆವತ್ತಿಂದ ನಾನು ಪಂಚಾಂಗ ಎರಡು ಇಟ್ಟುಕೊಂಡೆ. ಗೋಡೆಯ ಮೇಲೆ ಸಭೆಯ ಪಂಚಾಂಗ, ತಲೆಯಲ್ಲಿ ಹೊಲದ್ದು. ಎರಡೂ ಹೊಂದಿಕೆ ಆಗಲ್ಲ. ಪಂಚಾಶತ್ತಮವನ್ನೇ ನೋಡಿ. ಹಳೆ ಒಡಂಬಡಿಕೆಯಲ್ಲಿ ಅದು ವಾರಗಳ ಹಬ್ಬ, ಪಸ್ಕ ಅನ್ನೋ ಯೆಹೂದ್ಯರ ಹಬ್ಬದಿಂದ ಏಳು ವಾರ ಎಣಿಸಿ ಗೋದಿ ಕೊಯ್ಲಿಗೆ ಮಾಡುತ್ತಿದ್ದ ಹಬ್ಬ. ಬೈಬಲ್ಲಿನ ಕಥೆಯ ಬಡ ವಿಧವೆ ರೂತಳು ಬೇತ್ಲೆಹೇಮಿಗೆ ಬಂದದ್ದು ಜವೆಗೋದಿ ಕೊಯ್ಲು ಶುರುವಾದಾಗ, ಗೋದಿ ಕೊಯ್ಲು ಮುಗಿಯುವ ತನಕ ಅವಳು ಹಕ್ಕಲಾಯುತ್ತಾಳೆ. ಅಲ್ಲಿ ಕಣ ತುಂಬಿರುವ ಕಾಲ. ಇಲ್ಲಿ ಅದೇ ವಾರ ಹೊಲ ಬರಿದು, ರೈತ ಆಕಾಶ ನೋಡುತ್ತಾ ಬೀಜಕ್ಕೂ ಗೊಬ್ಬರಕ್ಕೂ ಸಾಲ ಮಾಡಿಕೊಂಡು ಕೂತಿರುತ್ತಾನೆ. ಅವನ ಮುಂದೆ ನಿಂತು ‘ಪ್ರಥಮ ಫಲ’ ಅಂತ ಪ್ರಸಂಗ ಮಾಡಿದರೆ ಅವನಿಗೆ ಏನು ಮುಟ್ಟುತ್ತೆ ಹೇಳಿ.

ಲೆಂಟ್, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು ಬಂದಾಗ ಇನ್ನೊಂದು ತಮಾಷೆ. ಚಳಿ ದೇಶಗಳಲ್ಲಿ ಅದು ಕಣಜ ತಳ ಕಾಣುವ ಕಾಲ, ಉಪವಾಸ ಸುಮ್ನೆ ತಾನಾಗೇ ಒದಗಿ ಬರುತ್ತೆ. ಇಲ್ಲಿ ಫೆಬ್ರವರಿ, ಮಾರ್ಚ್‌ನಲ್ಲಿ ಬಿಳಿಜೋಳದ ಸುಗ್ಗಿ. ಬೆಳೆ ಹಬ್ಬವನ್ನು ಸುಗ್ಗಿಗೆ ತಳ್ಳೋಣ ಅಂದಾಗ ನಮ್ಮ ಖಜಾಂಚಿಯವರು, ಲೆಂಟ್‌ನಲ್ಲಿ ಏಲಂ ಕೂಗೋದಾ ಅಂತ ಹೌಹಾರಿದರು. ಲೆಂಟ್ ಶುರುವಾಗುವ ಬೂದಿ ಬುಧವಾರದಿಂದ ಈಸ್ಟರ್‌ವರೆಗೆ ಎಣಿಸಿದರೆ 46 ದಿನ ಆಗುತ್ತೆ, ಅದರಲ್ಲಿ ಆರು ಭಾನುವಾರ ಕಳೆದರೆ 40, ಭಾನುವಾರಗಳು ಉಪವಾಸದ ಲೆಕ್ಕಕ್ಕೆ ಬರಲ್ಲ ಅಂತ ಬೆರಳು ಮಡಚಿ ತೋರಿಸಿದೆ. ಅರೆಮನಸ್ಸಿನಿಂದ ಒಪ್ಪಿದರು. ಆ ವರ್ಷ ಒಂದು ತೆಂಗಿನಕಾಯಿ ಏಲಂನಲ್ಲಿ ಎಂಟು ನೂರಕ್ಕೆ ಹೋಯಿತು, ಕೂಗಿದ್ದು ಅದೇ ಖಜಾಂಚಿಯವರು!

ಈಸ್ಟರ್ ಲೆಕ್ಕ ಮಾತ್ರ ಇಲ್ಲಿನವರಿಗೆ ಬೇಗ ಅರ್ಥವಾಗುತ್ತೆ. ಮಾರ್ಚ್ 21ಕ್ಕೋ ಅದರ ನಂತರವೋ ಬರುವ ಮೊದಲ ಹುಣ್ಣಿಮೆ ಆದ ಮೇಲಿನ ಭಾನುವಾರ. ಅಂದರೆ ಒಂದೋ ಹೋಳಿ ಹುಣ್ಣಿಮೆ, ಇಲ್ಲಾ ದವನದ ಹುಣ್ಣಿಮೆ ಕಳೆದ ಮೇಲೆ. ಪಕ್ಕದ ಮನೆಯ ಯಜಮಾನರಿಗೆ ಇದನ್ನು ಹೇಳಿದರೆ, ‘ನಿಮ್ದೂ ಹುಣ್ಣಿವಿ ಲೆಕ್ಕನ ಅಂದ್ರ’ ಅಂತ ನಕ್ಕರು. ಎಳ್ಳ ಅಮವಾಸ್ಯೆಗೆ ನಮ್ಮನ್ನು ಹೊಲಕ್ಕೆ ಕರೆದು ಸಜ್ಜಿ ಕಡಬು, ಶೇಂಗಾ ಹೋಳಿಗೆ ಬಡಿಸುವವರು ಅವರೇ. ಕ್ರಿಸ್ಮಸ್ ಕೇಕಿನ ಲೆಕ್ಕ ಅಲ್ಲಿಗೆ ಚುಕ್ತಾ.

ನಗು ಬಾರದ ಸಂಗತಿಯೂ ಒಂದಿದೆ. ಒಂದು ವರ್ಷ ಮಳೆ ಕೈಕೊಟ್ಟಿತ್ತು. ನಾನು ಬೈಬಲ್ಲಿನ ಧರ್ಮೋಪದೇಶಕಾಂಡ 11ನೇ ಅಧ್ಯಾಯ ಹಿಡಿದು, ದೇವರ ಮಾತು ಕೇಳಿದರೆ ಮುಂಗಾರು ಹಿಂಗಾರು ಎರಡೂ ಸಕಾಲಕ್ಕೆ ಬರುತ್ತವೆ ಅಂತ ಗಟ್ಟಿಯಾಗಿ ಪ್ರಸಂಗ ಮಾಡಿದೆ. ಆರಾಧನೆ ಮುಗಿದ ಮೇಲೆ ಒಬ್ಬ ತಾಯಿ ಬಾಗಿಲ ಹತ್ತಿರ ನಿಂತು ಕೇಳಿದರು: ‘ಬಾಜೂ ಹೊಲದಾಗ ಮಳಿ ಆತ್ರಿ ಅಯ್ಯನವರ, ನಮ್ಮ ಹೊಲಕ್ಕ ಒಂದ್ ಹನಿ ಬೀಳಲಿಲ್ಲ. ನಾವೇನ್ ತಪ್ ಮಾಡೇವ್ರಿ?’ ನನಗೆ ಬಾಯಿ ಬರಲಿಲ್ಲ. ಕೈ ಮುಗಿದೆ, ಅಷ್ಟೆ. ಅದೇ ಬೈಬಲ್ಲಿನಲ್ಲಿ ಮತ್ತಾಯನ 5ನೇ ಅಧ್ಯಾಯವೂ ಇದೆಯಲ್ಲ, ನೀತಿವಂತರ ಮೇಲೂ ಅನೀತಿವಂತರ ಮೇಲೂ ದೇವರು ಮಳೆ ಸುರಿಸುತ್ತಾನೆ ಅಂತ ಯೇಸುವೇ ಹೇಳಿದ ಮಾತು, ಅದು ಆವತ್ತು ನನಗೆ ಯಾಕೆ ನೆನಪಾಗಲಿಲ್ಲವೋ. ಮುಂದಿನ ವಾರ ಅವರ ಮನೆಗೆ ಹೋಗಿ, ನಾನು ಹೇಳಿದ್ದು ತಪ್ಪಾಯಿತಮ್ಮಾ ಅಂದೆ. ಅವರು ಚಹಾ ಕೊಟ್ಟರು. ಮಳೆಯ ಮಾತು ಇಬ್ಬರೂ ಎತ್ತಲಿಲ್ಲ. ಬರಗಾಲದಲ್ಲಿ ಆ 11ನೇ ಅಧ್ಯಾಯವನ್ನು ನಾನು ಮತ್ತೆ ಪ್ರಸಂಗಕ್ಕೆ ತೆಗೆದುಕೊಂಡಿಲ್ಲ.

ಮುಂಗಾರು ಹಿಂಗಾರು ಅನ್ನೋದು ಯಾಕೋಬನ ಪತ್ರಿಕೆಯಲ್ಲೂ ಬರುತ್ತೆ, ರೈತನ ತಾಳ್ಮೆಯ ಬಗ್ಗೆ. ಕನ್ನಡಕ್ಕೆ ತಂದವರು ಒಳ್ಳೆ ಮಾತನ್ನೇ ಆರಿಸಿದ್ದಾರೆ, ಆದರೆ ಒಂದು ಎಡವು ಇದೆ. ಪ್ಯಾಲೆಸ್ತೀನಿನಲ್ಲಿ ಮೊದಲ ಮಳೆ ಅಕ್ಟೋಬರ್, ನವೆಂಬರ್ ಹೊತ್ತಿಗೆ ಬಿತ್ತನೆಗೆ, ಕೊನೆಯದು ಮಾರ್ಚ್, ಏಪ್ರಿಲ್‌ನಲ್ಲಿ ಕಾಳು ತುಂಬೋಕೆ. ಎರಡೂ ಒಂದೇ ಬೆಳೆಗೆ. ಇಲ್ಲಿ ಹಾಗಲ್ಲ, ಮುಂಗಾರಿಗೆ ಒಂದು ಬೆಳೆ, ಹಿಂಗಾರಿಗೆ ಇನ್ನೊಂದು. ಹಿಂಗಾರಿ ಜೋಳಕ್ಕಂತೂ ಬಿತ್ತಿದ ಮೇಲೆ ಹೆಚ್ಚು ಮಳೆಯೇ ಇರಲ್ಲ, ನೆಲದೊಳಗಿನ ತೇವದಲ್ಲೇ ಬೆಳೆಯಬೇಕು. ತಾಳ್ಮೆ ಅಂದರೆ ಆಗ ಏನು ಮಾಡ್ತೀರಿ ಅಂತ ಒಬ್ಬ ರೈತರನ್ನು ಕೇಳಿದೆ. ‘ಎಡಿ ಹೊಡಿತೀವ್ರಿ’ ಅಂದರು. ಎರೆ ಒಣಗಿದರೆ ಬಿರುಕು ಬಿಡುತ್ತೆ, ಆ ಬಿರುಕಿನಿಂದ ತೇವ ಹೊರಗೆ ಹೋಗುತ್ತೆ, ಎಡೆಕುಂಟೆ ಹೊಡೆದು ಮೇಲಿನ ಮಣ್ಣು ಸಡಿಲ ಮಾಡಿ ಬಿರುಕು ಮುಚ್ಚಿದರೆ ಒಳಗಿನ ನೀರು ಉಳಿಯುತ್ತೆ. ನಾನು ಅಲ್ಲಿಯವರೆಗೆ ಆ ವಚನಕ್ಕೆ ಕೈ ಕಟ್ಟಿ ಕೂತ ರೈತನ ಚಿತ್ರ ಕೊಡುತ್ತಿದ್ದೆ. ಪಾಪ, ಕೇಳುತ್ತಿದ್ದವರು ಒಳಗೊಳಗೇ ಎಷ್ಟು ನಕ್ಕರೋ.

ಅಂದ ಹಾಗೆ, ಒಂದು ಪ್ರಕಟಣೆ. ಮೃಗಶಿರ ಮಳೆ ಮುಗಿಯುವ ತನಕ ಭಾನುವಾರದ ಆರಾಧನೆ ಒಂಬತ್ತಕ್ಕಲ್ಲ, ಬೆಳಿಗ್ಗೆ ಆರೂವರೆಗೆ. ಪ್ರಸಂಗ ಹದಿನೈದು ನಿಮಿಷ ಮೀರಲ್ಲ, ಮೀರಿದರೆ ಹಿಂದಿನ ಬೆಂಚಿನವರು ಎದ್ದು ಹೊರಡಬಹುದು. ಕೆಸರು ಕಾಲಲ್ಲಿ ಬಂದರೂ ಪರವಾಗಿಲ್ಲ, ನೆಲ ಒರೆಸೋಕೆ ನಾನಿದ್ದೇನೆ.